ದರ್ಜೆ ಮತ್ತು ಚೀಟಿ: ಖಾಸಗಿ ನಾಣ್ಯಸಂಗ್ರಹಗಳಲ್ಲಿ ಗುಣನಿರ್ಣಯದ ಚರಿತ್ರೆ

ಕನ್ನಡದಲ್ಲಿ 'ನಾಣ್ಯ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಚಲಾವಣೆಯ ಲೋಹದ ಬಿಲ್ಲೆ. ಮತ್ತೊಂದು, ಶುದ್ಧತೆ, ಉತ್ತಮಿಕೆ, ಪ್ರಾಮಾಣಿಕತೆ. ನಾಣ್ಯವಾದ ಬಟ್ಟೆ, ನಾಣ್ಯಸ್ಥ ಮನುಷ್ಯ ಎನ್ನುವಾಗ ಯಾವ ಟಂಕಸಾಲೆಯೂ ನೆನಪಿಗೆ ಬರುವುದಿಲ್ಲ. ಹದಿನಾರಾಣೆ ಸತ್ಯ, ಖೊಟ್ಟಿ ಮಾತು, ಸವಕಲು ನಾಣ್ಯ ಎಂಬ ಬಳಕೆಗಳೂ ಇದೇ ಬಗೆಯವು. ಆಣೆಯ ಲೆಕ್ಕ 1957ರ ದಶಮಾಂಶ ಪದ್ಧತಿಯೊಡನೆ ವ್ಯವಹಾರದಿಂದ ಮರೆಯಾದರೂ ಗುಣವನ್ನು ಅಳೆಯುವ ಮಾನವಾಗಿ ಜನರ ನಾಲಗೆಯ ಮೇಲೆ ಉಳಿದಿದೆ. ನಾಣ್ಯವನ್ನು ಕೈಗೆತ್ತಿಕೊಂಡೊಡನೆ ಅದರ ಗುಣವನ್ನು ತೂಗಿ ನೋಡುವುದು ಸಂಗ್ರಾಹಕರು ಹೊಸದಾಗಿ ಆರಂಭಿಸಿದ ಹವ್ಯಾಸವಲ್ಲ. ಭಾಷೆಯೊಳಗೇ ಸೇರಿಹೋಗಿರುವ ಹಳೆಯ ಪರಿಪಾಠ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಆದರೆ ಹಳೆಯ ಪರಿಪಾಠ ಯಾವುದನ್ನು ಗುಣವೆಂದು ಕರೆಯಿತೋ ಅದನ್ನು ಇಂದಿನ ಸಂಗ್ರಾಹಕ ಗುಣವೆಂದು ಕರೆಯುವುದಿಲ್ಲ. ಅನೇಕ ವೇಳೆ ದೋಷವೆಂದೇ ಎಣಿಸುತ್ತಾನೆ. ಈ ವ್ಯತ್ಯಾಸ ಹೇಗೆ ಉಂಟಾಯಿತು, ಅದರಿಂದ ನಾಡಿನ ಮನೆಮನೆಗಳಲ್ಲಿರುವ ಖಾಸಗಿ ಸಂಗ್ರಹಗಳಿಗೆ ಒದಗಿರುವ ನಷ್ಟವೇನು ಎಂಬುದನ್ನು ಮುಖ್ಯವಾಗಿ ಮೈಸೂರು ಸೀಮೆಯ ನಾಣ್ಯಗಳನ್ನು ಆಧಾರವಾಗಿಟ್ಟುಕೊಂಡು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಚಿನಿವಾರನ ದರ್ಜೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯ ಉಲ್ಲೇಖವಿದೆ. ನಾಣ್ಯಗಳನ್ನು ಪರೀಕ್ಷಿಸಿ ಚಲಾವಣೆಗೂ ಭಂಡಾರಕ್ಕೂ ಯೋಗ್ಯವೇ ಎಂದು ನಿರ್ಧರಿಸುವುದು ಅವನ ಕೆಲಸ. ಯಾಜ್ಞವಲ್ಕ್ಯ ಸ್ಮೃತಿಯು ನಾಣಕಪರೀಕ್ಷಕನನ್ನು ಇನ್ನೂ ಕಟುವಾಗಿ ನೋಡುತ್ತದೆ. ಒಳ್ಳೆಯ ನಾಣ್ಯವನ್ನು ಖೋಟಾ ಎಂದೋ, ಖೋಟಾ ನಾಣ್ಯವನ್ನು ಒಳ್ಳೆಯದೆಂದೋ ಹೇಳಿದವನಿಗೆ ಅದು ಅತ್ಯುನ್ನತ ಮಟ್ಟದ ದಂಡವನ್ನು ವಿಧಿಸುತ್ತದೆ. ತಪ್ಪು ದರ್ಜೆ ಕೊಡುವುದು ಶಿಕ್ಷಾರ್ಹ ಅಪರಾಧವೆಂದು ಬಗೆದ ಕಾಲವೊಂದಿತ್ತು ಎಂಬುದನ್ನು ಇಂದಿನ ನಾಣ್ಯವ್ಯಾಪಾರಿಗಳು ನೆನೆಯುವುದು ಅಪರೂಪ.

ಮಧ್ಯಕಾಲದಲ್ಲಿ ಈ ಜ್ಞಾನ ಎಷ್ಟು ಬೆಳೆದಿತ್ತೆಂಬುದಕ್ಕೆ ದೆಹಲಿಯ ಟಂಕಸಾಲೆಯೊಡನೆ ಸಂಬಂಧವಿದ್ದ ಠಕ್ಕುರ ಫೇರೂ 1318ರಲ್ಲಿ ರಚಿಸಿದ 'ದ್ರವ್ಯಪರೀಕ್ಷಾ' ಎಂಬ ಗ್ರಂಥವೇ ನಿದರ್ಶನ. ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ತೂಕ, ಲೋಹದ ಶುದ್ಧಿ, ವಿನಿಮಯದ ಬೆಲೆಗಳನ್ನು ಅದು ಕೊಡುತ್ತದೆ. ನಾಣ್ಯದ ಅಂದಚೆಂದದ ಬಗ್ಗೆ ಅದಕ್ಕೆ ಆಸಕ್ತಿಯಿಲ್ಲ. ಕರ್ನಾಟಕದ ಶಾಸನಗಳೂ ಇದೇ ದೃಷ್ಟಿಯವು. ದತ್ತಿಯ ಮೊತ್ತವನ್ನು ಹೇಳುವಾಗ ಬರಿದೇ ಗದ್ಯಾಣವೆನ್ನದೆ ಲೊಕ್ಕಿಗದ್ಯಾಣ ಎಂದು ಬರೆಸಿದ್ದರೆ, ಅದು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಕಮ್ಮಟದಲ್ಲಿ ಅಚ್ಚಾದ ನಾಣ್ಯವೆಂದರ್ಥ. ವಿಜಯನಗರ ಕಾಲದ ಶಾಸನಗಳಲ್ಲಿ ಘಟ್ಟಿವರಹ, ದೊಡ್ಡವರಹಗಳೆಂಬ ಭೇದವಿದೆ. ಇವೆಲ್ಲ ಹೆಸರಿನೊಳಗೇ ಅಡಗಿರುವ ದರ್ಜೆಗಳು.

ಈ ದರ್ಜೆಯನ್ನು ಪೇಟೆಯಲ್ಲಿ ನಿರ್ಧರಿಸುತ್ತಿದ್ದವನು ಚಿನಿವಾರ. ಇಂದಿಗೂ ಪತ್ರಿಕೆಗಳಲ್ಲಿ ಬಂಗಾರ ಬೆಳ್ಳಿಗಳ ಧಾರಣೆಯನ್ನು 'ಚಿನಿವಾರ ಪೇಟೆ' ಎಂಬ ಶಿರೋನಾಮೆಯಡಿ ಪ್ರಕಟಿಸುವ ರೂಢಿಯಲ್ಲಿ ಅವನ ಹೆಸರು ಉಳಿದಿದೆ. ಅವನ ಸಲಕರಣೆಗಳು ಮೂರೇ: ಒರೆಗಲ್ಲು, ಚಿಕ್ಕ ತಕ್ಕಡಿ, ಕಿವಿ. ಬಂಗಾರವನ್ನು ಒರೆಗೆ ಹಚ್ಚಿ ಬಣ್ಣ ನೋಡುತ್ತಿದ್ದ. ಗುಲಗಂಜಿ, ಮಂಜಾಡಿಗಳಲ್ಲಿ ತೂಗುತ್ತಿದ್ದ. ಬೆಳ್ಳಿಯ ರೂಪಾಯಿಯನ್ನು ಕಲ್ಲಿಗೆ ಬಡಿದು ನಾದ ಕೇಳುತ್ತಿದ್ದ. ನಾಣ್ಯ ಸವೆದಿದ್ದರೆ ಅಷ್ಟು ತೂಕ ಕಡಿಮೆಯೆಂದು ವಟ್ಟ ಹಿಡಿಯುತ್ತಿದ್ದ. ಅನುಮಾನ ಬಂದ ರೂಪಾಯಿಯ ಮೈಮೇಲೆ ತನ್ನ ಪುಟ್ಟ ಉಳಿಯಿಂದ ಗುರುತೊತ್ತಿ ಒಳಗಿನ ಲೋಹವನ್ನು ಪರೀಕ್ಷಿಸುತ್ತಿದ್ದ. ಮೊಗಲರ ಹಾಗೂ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಗಳ ಮೇಲೆ ಇಂಥ ಗುರುತುಗಳು ಹೇರಳವಾಗಿ ಕಾಣಸಿಗುತ್ತವೆ. ಪ್ರಾಚೀನ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಹಿಂಬದಿಯ ಸಣ್ಣ ಗುರುತುಗಳಲ್ಲೂ ಕೆಲವು ಈ ಬಗೆಯವೇ ಎಂದು ವಿದ್ವಾಂಸರು ಭಾವಿಸಿದ್ದಾರೆ. ಗುರುತು ಬಿದ್ದ ನಾಣ್ಯ ಪರೀಕ್ಷೆಯಲ್ಲಿ ಗೆದ್ದ ನಾಣ್ಯ. ಅದಕ್ಕೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ.

ಸಂಗ್ರಾಹಕನ ದರ್ಜೆ

ದಕ್ಷಿಣ ಭಾರತದ ನಾಣ್ಯಗಳನ್ನು ಚಲಾವಣೆಗಾಗಿ ಅಲ್ಲದೆ ಅಧ್ಯಯನಕ್ಕಾಗಿ ಕೂಡಿಡುವ ಪದ್ಧತಿ ಬ್ರಿಟಿಷ್ ಅಧಿಕಾರಿಗಳಿಂದ ವ್ಯಾಪಕವಾಯಿತು. ಧಾರವಾಡ ಪ್ರಾಂತದಲ್ಲಿ ಸೇವೆ ಸಲ್ಲಿಸಿ ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್, ಅದೇ ಆಸ್ಥೆಯಿಂದ ನಾಣ್ಯಗಳನ್ನೂ ಕೂಡಿಸಿದನು. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವನ ಗ್ರಂಥ 1880ರ ದಶಕದಲ್ಲಿ, ಅವನು ದೃಷ್ಟಿ ಕಳೆದುಕೊಂಡಿದ್ದ ಇಳಿವಯಸ್ಸಿನಲ್ಲಿ ಹೊರಬಂದಿತು. ಕಣ್ಣು ಕಾಣದವನು ನಾಣ್ಯಗಳ ಬಗ್ಗೆ ಅಷ್ಟು ವಿವರವಾಗಿ ಬರೆಯುವುದು ಸಾಧ್ಯವಾದದ್ದಕ್ಕೆ ಹಿಂದಿನ ವರ್ಷಗಳ ಟಿಪ್ಪಣಿಗಳೂ ಕಾರಣವಾಗಿರಬೇಕು. 1889ರಲ್ಲಿ ಟಫ್ನೆಲ್ ಎಂಬ ಸೇನಾಧಿಕಾರಿ ದಕ್ಷಿಣದ ನಾಣ್ಯಸಂಗ್ರಾಹಕರಿಗಾಗಿಯೇ ಸಲಹೆಗಳ ಪುಸ್ತಕವೊಂದನ್ನು ಮದ್ರಾಸಿನಲ್ಲಿ ಪ್ರಕಟಿಸಿದನು. ಮದ್ರಾಸ್ ವಸ್ತುಸಂಗ್ರಹಾಲಯದ ಜೆ. ಆರ್. ಹೆಂಡರ್ಸನ್, ಹೈದರ್ ಅಲಿ ಹಾಗೂ ಟಿಪ್ಪು ಸುಲ್ತಾನರ ನಾಣ್ಯಗಳನ್ನು ಕುರಿತು 1921ರಲ್ಲಿ ಬರೆದ ಗ್ರಂಥ ಇಂದಿಗೂ ಆಕರವಾಗಿದೆ. ಕನ್ನಡ ನಾಡಿನ ಒಟ್ಟು ನಾಣ್ಯಪರಂಪರೆಯನ್ನು ಡಾ. ಎ. ವಿ. ನರಸಿಂಹಮೂರ್ತಿಯವರು ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು.

ಇವರಿಗೆಲ್ಲ ಮುಖ್ಯವಾದದ್ದು ನಾಣ್ಯದ ಮೇಲಿನ ಬರಹ ಮತ್ತು ಚಿತ್ರ. ಓದಲು ಬರುವ ನಾಣ್ಯ ಒಳ್ಳೆಯದು, ಓದಲು ಬಾರದ್ದು ಕೆಳದರ್ಜೆಯದು. ತೂಕದ ಸ್ಥಾನಕ್ಕೆ ಮುಖ ಬಂದಿತು ಎನ್ನಬಹುದು. ಫೇರ್, ಫೈನ್, ವೆರಿ ಫೈನ್ ಎಂಬ ಇಂಗ್ಲಿಷ್ ಪದಗಳು ಆ ದಾರಿಯಲ್ಲಿಯೇ ಬಂದು ನೆಲೆಸಿದವು. ಕನ್ನಡ ಸಂಗ್ರಾಹಕರು ಇವುಗಳಿಗೆ ಸಾಟಿಯಾದ ಪದಗಳನ್ನು ರೂಢಿಸಿಕೊಳ್ಳಲಿಲ್ಲ. ಸವಕಲು, ಮಾಸಲು, ಠಸೆ, ಅಚ್ಚು ಮುಂತಾದ ಶಬ್ದಗಳು ಕೈಗೆಟಕುವಂತಿದ್ದರೂ ಚೀಟಿಯ ಮೇಲೆ ಅವು ಕಾಣಿಸಿಕೊಳ್ಳಲಿಲ್ಲ.

ದರ್ಜೆಯನ್ನು ಅಂಕಿಗೆ ಇಳಿಸಿದವನು ಅಮೆರಿಕದ ವಿಲಿಯಂ ಶೆಲ್ಡನ್. ವೃತ್ತಿಯಿಂದ ಮನಶ್ಶಾಸ್ತ್ರಜ್ಞನಾಗಿದ್ದ ಅವನು 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಒಂದರಿಂದ ಎಪ್ಪತ್ತರವರೆಗಿನ ಮಾಪನವೊಂದನ್ನು ರೂಪಿಸಿದನು. ಇಲ್ಲಿ ಗಮನಿಸಬೇಕಾದುದೆಂದರೆ, ಆ ಅಂಕಿ ಮೂಲದಲ್ಲಿ ಬೆಲೆಯ ಲೆಕ್ಕ. ಎಪ್ಪತ್ತರ ನಾಣ್ಯದ ಬೆಲೆ ಒಂದರ ನಾಣ್ಯದ ಎಪ್ಪತ್ತರಷ್ಟು ಎಂಬ ಅಂದಿನ ಪೇಟೆಯ ಸ್ಥಿತಿಯನ್ನು ಅದು ಹಿಡಿದಿಟ್ಟಿತ್ತು. ಪೇಟೆ ಬದಲಾಗಿ ಆ ಲೆಕ್ಕ ಕುಸಿದರೂ ಅಂಕಿಗಳು ಉಳಿದವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಸಂಸ್ಥೆಗಳು ಆರಂಭವಾಗಿ, ನಾಣ್ಯಕ್ಕೆ ಅಂಕಿ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ವ್ಯವಹಾರ ಬೆಳೆಯಿತು. ಇಂದು ಭಾರತದ ಹರಾಜುಗಳಲ್ಲಿಯೂ ಇಂಥ ಕವಚದ ನಾಣ್ಯಗಳು ಮಾಮೂಲಾಗಿವೆ. ಶೆಲ್ಡನ್ನನ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನ ನಾಣ್ಯಶಾಸ್ತ್ರ ಸಂಸ್ಥೆಯ ಸಂಗ್ರಹದಿಂದ ಉತ್ತಮ ಸೆಂಟುಗಳನ್ನು ತೆಗೆದು ಅವುಗಳ ಜಾಗದಲ್ಲಿ ಕೀಳು ಪ್ರತಿಗಳನ್ನು ಇರಿಸಿದ್ದನೆಂಬುದು ಅವನ ಕಾಲಾನಂತರ ಹಳೆಯ ಛಾಯಾಚಿತ್ರಗಳ ಹೋಲಿಕೆಯಿಂದ ಬೆಳಕಿಗೆ ಬಂದಿತು. ದರ್ಜೆಯ ಶಾಸ್ತ್ರವನ್ನು ಕಟ್ಟಿದವನನ್ನು ಹಿಡಿದುಕೊಟ್ಟದ್ದು ದಾಖಲೆಯ ಶಿಸ್ತು.

ದೋಷವೆನಿಸಿದ ಗುಣಗಳು

ಯಂತ್ರದಲ್ಲಿ ಅಚ್ಚಾದ ಸೆಂಟಿಗೆ ಹೊಲಿದ ಅಂಗಿಯನ್ನು ಕೈಯಿಂದ ಬಡಿದ ನಾಣ್ಯಕ್ಕೆ ತೊಡಿಸಿದಾಗ ತೊಡಕುಗಳು ತಲೆದೋರುತ್ತವೆ. ಟಿಪ್ಪುವಿನ ತಾಮ್ರದ ಪೈಸೆಗಳಲ್ಲಿ ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿರುವುದುಂಟು. ಅಚ್ಚು ಒಂದು ಪಕ್ಕಕ್ಕೆ ಸರಿದು ಆನೆಯ ಸೊಂಡಿಲೋ ವರ್ಷದ ಅಂಕಿಯೋ ಹೊರಗುಳಿದಿರುವುದುಂಟು. ಅಂಥ ನಾಣ್ಯ ಒಂದು ದಿನವೂ ಚಲಾವಣೆಗೆ ಬರದಿದ್ದರೂ ಅಪೂರ್ಣವಾಗಿಯೇ ಕಾಣುತ್ತದೆ. ಸವೆತ ಬೇರೆ, ದುರ್ಬಲವಾದ ಠಸೆ ಬೇರೆ. ಆನೆಯ ಬೆನ್ನಿನಂಥ ಎತ್ತರದ ಭಾಗಗಳು ನಯವಾಗಿದ್ದು ತಗ್ಗಿನ ಭಾಗಗಳು ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಅದು ಸವೆತ. ಒಂದು ಪಕ್ಕದಲ್ಲಿ ಎತ್ತರ ತಗ್ಗುಗಳೆರಡೂ ಮಸುಕಾಗಿ ಇನ್ನೊಂದು ಪಕ್ಕ ಚೂಪಾಗಿದ್ದರೆ ಸುತ್ತಿಗೆಯ ಪೆಟ್ಟು ಓರೆಯಾಗಿ ಬಿದ್ದುದರ ಫಲ. ಒಂದೇ ಅಂಕಿಯಲ್ಲಿ ಇವೆರಡನ್ನೂ ಸೇರಿಸಿ ಹೇಳಿದಾಗ ಕಮ್ಮಟದ ಕೆಲಸಗಾರನ ಕೈಚಳಕದ ಸುದ್ದಿಯೂ ಜನರ ಕೈಯಲ್ಲಿ ನಾಣ್ಯ ತಿರುಗಿದ ಸುದ್ದಿಯೂ ಒಟ್ಟಿಗೇ ಅಳಿಸಿಹೋಗುತ್ತವೆ.

ಚಿನಿವಾರನ ಗುರುತು ಇಂದಿನ ದರ್ಜೆಯಲ್ಲಿ 'ಹಾನಿ'. ನಾಣ್ಯಕ್ಕೆ ಮಾಡಿದ ತೂತು ಅದಕ್ಕಿಂತ ದೊಡ್ಡ ಹಾನಿ. ಜಾನಪದ ದೃಷ್ಟಿಯಿಂದ ನೋಡಿದರೆ ಈ ಎಣಿಕೆ ಒಪ್ಪತಕ್ಕದ್ದಲ್ಲ. ಭಾರತದಲ್ಲಿ ದೊರೆತ ರೋಮನ್ ಬಂಗಾರದ ನಾಣ್ಯಗಳಲ್ಲಿ ಹಲವು, ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ರಂಧ್ರಗಳನ್ನು ಹೊಂದಿವೆ. ಮುಖ ನೆಟ್ಟಗೆ ನಿಲ್ಲುವಂತೆ ದಾರ ಪೋಣಿಸಲು ಮಾಡಿದ ಏರ್ಪಾಡು ಅದು. ನಾಣ್ಯ ಆಭರಣವಾದ ಕ್ಷಣದ ದಾಖಲೆ ಆ ರಂಧ್ರ. ಕಾಸಿನ ಸರ, ಪುತ್ಥಳಿ ಸರಗಳ ಪರಂಪರೆ ಇದೇ ಹಾದಿಯಲ್ಲಿ ಮುಂದುವರಿದಿದೆ. ವೆನಿಸ್ಸಿನ ಡಕಟ್ ನಾಣ್ಯದ ಮೇಲಿನ ನಿಂತ ಆಕೃತಿಗಳನ್ನು ಕಂಡು ನಮ್ಮ ಜನ ಅದನ್ನು ಪುತ್ಥಳಿ ಎಂದರು. ಅಕ್ಕಸಾಲಿಗರು ಅದರ ಅನುಕರಣೆಗಳನ್ನು ಮಾಡಿದರು. ಕೊಂಡಿ ಬೆಸೆದ ಗುರುತಿರುವ ಪುತ್ಥಳಿಯನ್ನು ಕೀಳು ದರ್ಜೆಯೆಂದು ಬದಿಗಿಡುವ ಸಂಗ್ರಾಹಕ, ಅದು ಯಾವ ಸೀಮೆಯ ಹೆಣ್ಣುಮಗಳ ಕೊರಳಲ್ಲಿತ್ತು ಎಂದು ಕೇಳುವ ಅವಕಾಶವನ್ನೂ ಬದಿಗಿಟ್ಟಂತಾಗುತ್ತದೆ.

ದೇವರ ಪೆಟ್ಟಿಗೆಯಿಂದ ಬರುವ ನಾಣ್ಯಗಳ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಹರಕೆ ಹೊತ್ತು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ ನಾಣ್ಯ ಚಲಾವಣೆಯಿಂದ ಹೊರಗುಳಿದ ನಾಣ್ಯ. ಅದರ ಮೇಲಿನ ಅರಿಸಿನ ಕುಂಕುಮಗಳ ಪದರ, ವರ್ಷವರ್ಷವೂ ತೊಳೆದು ಪೂಜಿಸಿದ್ದರಿಂದ ಬಂದ ನುಣುಪು, ಇವು ಪೇಟೆಯ ಸವೆತದಿಂದ ಭಿನ್ನವಾದ ಕುರುಹುಗಳು. ಸಂಗ್ರಾಹಕನ ಕೈಗೆ ಬಂದ ತಾಮ್ರದ ಕಾಸಿಗೆ ನಮ್ಮ ಮನೆಗಳಲ್ಲಿ ಮೊದಲು ಆಗುವ ಸಂಸ್ಕಾರವೆಂದರೆ ಹುಣಸೆಹಣ್ಣಿನ ತಿಕ್ಕಾಟ. ಪೂಜೆಯ ತಾಮ್ರದ ಪಾತ್ರೆಗೆ ಒಪ್ಪುವ ಈ ಉಪಚಾರ ನಾಣ್ಯಕ್ಕೆ ಮಾರಕ. ಶತಮಾನಗಳಲ್ಲಿ ಮೂಡಿದ ಕಂದು, ಹಸಿರು ಪೊರೆ ಹುಳಿಗೆ ಕರಗಿ, ಮೇಲಿದ್ದ ಮಣ್ಣು, ಅರಿಸಿನ ಎಲ್ಲವೂ ಒಮ್ಮೆಗೇ ಕೊಚ್ಚಿಹೋಗುತ್ತವೆ. ಈ ಒಂದು ವಿಷಯದಲ್ಲಿ ಪಾಶ್ಚಾತ್ಯ ದರ್ಜೆಪದ್ಧತಿಯ ಕಟ್ಟುನಿಟ್ಟು ಸರಿಯಾಗಿದೆ. ಉಜ್ಜಿ ಹೊಳಪಿಸಿದ ನಾಣ್ಯವನ್ನು ಅದು ಮುಲಾಜಿಲ್ಲದೆ ಕೆಳಗಿಳಿಸುತ್ತದೆ.

ಚೀಟಿಯ ಓದು

ದರ್ಜೆ ತಪ್ಪಾದರೆ ಮತ್ತೊಬ್ಬರು ನಾಣ್ಯವನ್ನು ನೋಡಿಯೇ ತಿದ್ದಬಲ್ಲರು. ಚೀಟಿ ತಪ್ಪಾದರೆ ಅದರಲ್ಲಿನ ಕೆಲವು ತಪ್ಪುಗಳನ್ನು ನಾಣ್ಯವೇ ತಿದ್ದಿಕೊಡುತ್ತದೆ, ಇನ್ನು ಕೆಲವನ್ನು ಯಾರೂ ತಿದ್ದಲಾರರು.

ಮೊದಲನೆಯ ಬಗೆಗೆ ಟಿಪ್ಪುವಿನ ನಾಣ್ಯಗಳು ಒಳ್ಳೆಯ ಉದಾಹರಣೆ. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅವನು ಹಿಜರಿ ಶಕವನ್ನು ಬಳಸಿದನು. 1787ರಲ್ಲಿ ಮೌಲೂದಿ ಎಂಬ ಬೇರೆ ಶಕವನ್ನು ಜಾರಿಗೆ ತಂದನು. ಅಲ್ಲಿಂದಾಚೆಗಿನ ನಾಣ್ಯಗಳ ಮೇಲೆ ಮೌಲೂದಿ 1215 ಮೊದಲಾದ ವರ್ಷಗಳಿವೆ. ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. ಪರ್ಷಿಯನ್ ಅಂಕಿಗಳನ್ನು ಬಲ್ಲವರು ಎಂದಿನಂತೆ ಎಡದಿಂದ ಓದಿದರೆ 5121 ಎಂಬ ಅಸಂಬದ್ಧ ವರ್ಷ ಬಂದು ಕೂಡಲೇ ಎಚ್ಚರಗೊಳ್ಳುತ್ತಾರೆ. ಅಪಾಯವಿರುವುದು 1221ರಲ್ಲಿ. ಯಾವ ಕಡೆಯಿಂದ ಓದಿದರೂ ಅದು 1221. ಮೌಲೂದಿಯೆಂದರೆ ಕ್ರಿ.ಶ. 1793-94, ಹಿಜರಿಯೆಂದು ಎಣಿಸಿದರೆ 1806-07. ಅಂದರೆ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ 1799ಕ್ಕೆ ಏಳು ವರ್ಷಗಳ ಅನಂತರ ಅವನ ನಾಣ್ಯ ಅಚ್ಚಾಯಿತೆಂಬ ಚೀಟಿ ಸಿದ್ಧವಾಗುತ್ತದೆ.

ಟಂಕಸಾಲೆಯ ಹೆಸರುಗಳದ್ದೂ ಇದೇ ಕಥೆ. ಪಟನ್ ಎಂದಿದ್ದರೆ ಶ್ರೀರಂಗಪಟ್ಟಣ, ನಗರ್ ಎಂದರೆ ಬಿದನೂರು ಎಂದು ಊಹಿಸುವುದು ಸುಲಭ. ಫರ್ರುಖ್‌ಯಾಬ್ ಹಿಸಾರ್ ಎಂಬುದು ಚಿತ್ರದುರ್ಗ, ಖುರ್ಷಿದ್ ಸವಾದ್ ಎಂಬುದು ಧಾರವಾಡ, ಫೈಜ್ ಹಿಸಾರ್ ಎಂಬುದು ಗುತ್ತಿ ಎಂದು ತಿಳಿದಿರದಿದ್ದರೆ ಸಂಗ್ರಾಹಕ ತನ್ನ ಊರಿನ ನಾಣ್ಯವನ್ನೇ ಪರದೇಶದ್ದೆಂದು ಮಾರಿಯಾನು. ನಾಣ್ಯದ ಹೆಸರುಗಳಲ್ಲಿ ಅರಮನೆಯ ಪರಿಭಾಷೆ ಮತ್ತು ಜನಪರಿಭಾಷೆಗಳ ಅಂತರ ಎದ್ದು ಕಾಣುತ್ತದೆ. ತಾಮ್ರದ ನಾಣ್ಯಗಳಿಗೆ ಟಿಪ್ಪು ಇಟ್ಟ ಹೆಸರುಗಳು ಆಕಾಶದವು: ಮುಶ್ತರಿ ಎಂದರೆ ಗುರು, ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ, ಅಖ್ತರ್ ಎಂದರೆ ನಕ್ಷತ್ರ, ಕುತ್ಬ್ ಎಂದರೆ ಧ್ರುವ. ಸಂತೆಯಲ್ಲಿ ಸೊಪ್ಪು ಮಾರುವವರಿಗೆ ಇವೆಲ್ಲ ಆನೆಯ ಕಾಸುಗಳೇ. ಆನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರೂ ಬಿಡಲಿಲ್ಲ; ಸೂರ್ಯಚಂದ್ರರನ್ನೂ ಕನ್ನಡದ 'ಶ್ರೀ'ಕಾರವನ್ನೂ ಅದರ ಮೇಲೆ ಸೇರಿಸಿದರು. ಅವರ ತಾಮ್ರದ ನಾಣ್ಯಗಳ ಮೇಲೆ 'ಮಯಿಲಿ ಕಾಸು' ಎಂಬ ಹೆಸರು ಕನ್ನಡ ಅಕ್ಷರಗಳಲ್ಲಿಯೇ ಇದೆ. ಹೀಗಿದ್ದೂ ಬಹುಪಾಲು ಚೀಟಿಗಳ ಮೇಲೆ ಇಂಗ್ಲಿಷಿನ 'ಕ್ಯಾಷ್' ಮಾತ್ರ ಉಳಿದಿರುವುದು ವಿಷಾದಕರ.

ಬಂಗಾರದ ವರಹಗಳಲ್ಲಿ ರಾಜರಿಗಿಂತ ಚಿತ್ರಗಳ ಆಯುಷ್ಯ ದೀರ್ಘ. ಇಕ್ಕೇರಿ ವರಹದ ಮೇಲೆ ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ನಾಗರಿಯಲ್ಲಿ 'ಶ್ರೀ ಸದಾಶಿವ'. ವಿಜಯನಗರದ ಸದಾಶಿವರಾಯ, ಕೆಳದಿಯ ಸದಾಶಿವನಾಯಕ ಇಬ್ಬರದೂ ಒಂದೇ ಹೆಸರಾದ್ದರಿಂದ ಗೊಂದಲಕ್ಕೆ ಎಡೆಯಿದೆ. ಕೆಳದಿಯ ಮುಂದಿನ ಅರಸರೂ ಅದೇ ಮಾದರಿಯನ್ನು ಉಳಿಸಿಕೊಂಡರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಶಿವಪಾರ್ವತಿಯರನ್ನು ಹಾಗೆಯೇ ಇರಿಸಿ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿ ಬಹದ್ದೂರಿ ಹೊನ್ನನ್ನು ಹೊರಡಿಸಿದನು. ಪೇಟೆ ನಂಬಿದ ಮುಖವನ್ನು ಬದಲಿಸಬಾರದೆಂಬ ವ್ಯವಹಾರಜ್ಞಾನ ಅವನಿಗಿತ್ತು. ಚೀಟಿಯಲ್ಲಿ ರಾಜನ ಹೆಸರಿಗೇ ಮೊದಲ ಸ್ಥಾನ ಕೊಡುವ ಪದ್ಧತಿ ಇಂಥ ನಾಣ್ಯಗಳಿಗೆ ಹೊಂದುವುದಿಲ್ಲ. ಇಕ್ಕೇರಿ ವರಹ, ಕಂಠೀರಾಯಿ ಹಣ ಎಂಬ ಪೇಟೆಯ ಹೆಸರನ್ನು ಮೊದಲು ಬರೆದು, ಕಾಲನಿರ್ಣಯವನ್ನು ಅನಂತರ ಸೇರಿಸುವುದು ಹೆಚ್ಚು ಪ್ರಾಮಾಣಿಕ. ಶ್ರೀರಾಮ ಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಿಗಳನ್ನಂತೂ ವಿಜಯನಗರದ ನಾಣ್ಯವೆಂದು ಬರೆದಿರುವ ಚೀಟಿಗಳಿಗೆ ಲೆಕ್ಕವಿಲ್ಲ. ಅವು ಪೂಜೆಯ ಬಿಲ್ಲೆಗಳೇ ಹೊರತು ಚಲಾವಣೆಯ ನಾಣ್ಯಗಳಲ್ಲ.

ಎರಡನೆಯ ಬಗೆಯ ತಪ್ಪು ದೊರೆತ ಸ್ಥಳಕ್ಕೆ ಸಂಬಂಧಿಸಿದ್ದು. ನಾಣ್ಯ ತನ್ನ ಅರಸನನ್ನೂ ಕಮ್ಮಟವನ್ನೂ ವರ್ಷವನ್ನೂ ಹೇಳಬಲ್ಲದು. ತಾನು ಯಾವ ಹೊಲದ ಉಳುಮೆಯಲ್ಲಿ ಮೇಲೆದ್ದೆನೆಂದು ಹೇಳಲಾರದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ ಮಾರ್ಟಿಮರ್ ವೀಲರ್ 1947ರಲ್ಲಿಯೂ ಉತ್ಖನನ ನಡೆಸಿದರು. ಅಲ್ಲಿ ಸಾತವಾಹನ ಕಾಲದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯವೂ ದೊರೆತವು. ಚಕ್ರವರ್ತಿ ಟೈಬೀರಿಯಸ್ಸನ ಒಂದು ಬೆಳ್ಳಿ ನಾಣ್ಯ ಪೇಟೆಯಲ್ಲಿ ಎಷ್ಟಕ್ಕಾದರೂ ಹೋಗಲಿ, ನೆಲದ ಪದರದೊಳಗೆ ಮಡಕೆಚೂರುಗಳ ನಡುವೆ ಸಿಕ್ಕಾಗ ಅದು ಆ ಪದರಕ್ಕೆಲ್ಲ ಕಾಲವನ್ನು ನೀಡುತ್ತದೆ. ಅದೇ ನಾಣ್ಯ ಚೀಟಿಯಿಲ್ಲದೆ ಹರಾಜಿಗೆ ಬಂದರೆ ಇಟಲಿಯಲ್ಲಿ ದೊರೆತದ್ದಕ್ಕೂ ಚಿತ್ರದುರ್ಗದಲ್ಲಿ ದೊರೆತದ್ದಕ್ಕೂ ಭೇದ ಉಳಿಯುವುದಿಲ್ಲ.

ದೊರೆತ ಸ್ಥಳವನ್ನು ಮುಚ್ಚಿಡುವುದಕ್ಕೆ ಕಾನೂನಿನ ಅಂಜಿಕೆಯೂ ಒಂದು ಕಾರಣ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತರೆ ಅಧಿಕಾರಿಗಳಿಗೆ ತಿಳಿಸಬೇಕು. ತಿಳಿಸಿದರೆ ಕೈತಪ್ಪೀತೆಂದು ಹೆದರಿದ ರೈತ ಅಕ್ಕಸಾಲಿಗನಿಗೆ ಕೊಡುತ್ತಾನೆ; ಅಕ್ಕಸಾಲಿಗ ಕರಗಿಸದೆ ಉಳಿಸಿದ್ದು ವ್ಯಾಪಾರಿಗೆ ಹೋಗುತ್ತದೆ; ವ್ಯಾಪಾರಿ ಊರಿನ ಹೆಸರನ್ನು ಹೇಳುವುದಿಲ್ಲ, ಇಲ್ಲವೇ ದೂರದ ಊರೊಂದನ್ನು ಹೇಳುತ್ತಾನೆ. ಸುಳ್ಳು ಊರು ಬರೆದ ಚೀಟಿಗಿಂತ ಬರಿಯ ಚೀಟಿ ಮೇಲು. ಪ್ರಾಮಾಣಿಕ ಸಂಗ್ರಾಹಕ ಮಾಡಬಹುದಾದುದು, ತಾನು ಕೊಂಡ ಸ್ಥಳ ಮತ್ತು ದಿನಾಂಕವನ್ನು ಬರೆದು, ದೊರೆತ ಸ್ಥಳದ ಬಗ್ಗೆ ಮಾರಿದವನ ಹೇಳಿಕೆಯನ್ನು 'ಹೇಳಿಕೆ' ಎಂದೇ ಪ್ರತ್ಯೇಕವಾಗಿ ನಮೂದಿಸುವುದು. ನಿಧಿಯಾಗಿ ಸಿಕ್ಕ ನಾಣ್ಯಗಳಾದರೆ ಅವು ಇಲಾಖೆಯ ಗಮನಕ್ಕೆ ಬರಲೇಬೇಕು. ಅಲ್ಲಿ ಹವ್ಯಾಸದ ಮಾತು ನಿಲ್ಲುತ್ತದೆ.

ಚೀಟಿ ಬರೆಯುವ ವಸ್ತುವಿನ ಬಗೆಗೂ ಎಚ್ಚರ ಅಗತ್ಯ. ಅಗ್ಗದ ಪಿವಿಸಿ ಹಾಳೆಗಳ ಜೇಬಿನಲ್ಲಿಟ್ಟ ತಾಮ್ರದ ನಾಣ್ಯಗಳಿಗೆ ಕೆಲವೇ ವರ್ಷಗಳಲ್ಲಿ ಹಸಿರು ಜಿಗುಟು ಹತ್ತುತ್ತದೆ. ಆಮ್ಲಾಂಶವಿರುವ ರಟ್ಟು ಹಾಗೂ ಕೆಲವು ಜಾತಿಯ ಮರದ ಪೆಟ್ಟಿಗೆಗಳಿಂದ ಹೊರಡುವ ಆವಿ ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ. ಚಿತ್ರದುರ್ಗ ಸೀಮೆಯ ಸಾತವಾಹನ ಕಾಲದ ಸೀಸದ ನಾಣ್ಯಗಳಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಬದುಕಿದ ನಾಣ್ಯ ಅಕ್ಕರೆಯಿಂದ ಮಾಡಿಸಿದ ಪೆಟ್ಟಿಗೆಯಲ್ಲಿ ಸಾಯುವುದು ವಿಪರ್ಯಾಸ. ನಾಣ್ಯದ ಮೈಮೇಲೆ ಶಾಯಿಯಿಂದ ಸಂಖ್ಯೆ ಬರೆಯುವುದೂ, ಅಂಟುಪಟ್ಟಿ ಹಚ್ಚುವುದೂ ಸಲ್ಲದು. ಆಮ್ಲರಹಿತ ಕಾಗದದ ಲಕೋಟೆ, ಅದರ ಮೇಲೆ ಸೀಸದಕಡ್ಡಿಯ ಬರಹ, ಆ ಸಂಖ್ಯೆಗೆ ಹೊಂದುವ ದಾಖಲೆ ಪುಸ್ತಕ, ಎರಡೂ ಬದಿಯ ಛಾಯಾಚಿತ್ರ ಇಷ್ಟಿದ್ದರೆ ಸಾಕು.

ಖಾಸಗಿ ಸಂಗ್ರಹಗಳು ಚೆದರುವುದು ಸಾಮಾನ್ಯವಾಗಿ ಸಂಗ್ರಾಹಕ ತೀರಿಕೊಂಡ ಮೇಲೆ. ಮಕ್ಕಳು ಬಂಗಾರ ಬೆಳ್ಳಿಗಳನ್ನು ಬೇರ್ಪಡಿಸಿ, ತಾಮ್ರವನ್ನು ತೂಕಕ್ಕೆ ಹಾಕುತ್ತಾರೆ. ಲಕೋಟೆಗಳು ಒಂದು ಕಡೆ, ನಾಣ್ಯಗಳು ಒಂದು ಕಡೆ ಆಗುತ್ತವೆ. ಅಂಥ ಹೊತ್ತಿನಲ್ಲಿ ನೆರವಾಗುವುದು ಚೀಟಿಯ ಮೇಲೆ ಕಾಣಲು ತೀರ ಶುಷ್ಕವಾದ ಒಂದು ಸಾಲು, ಅಂದರೆ ಗ್ರಾಮಿನ ಎರಡು ದಶಮಾಂಶಗಳವರೆಗಿನ ತೂಕ. ಧಾರವಾಡದಲ್ಲಿ ಅಚ್ಚಾದ ಟಿಪ್ಪುವಿನ ಜೊಹ್ರಾ ಪೈಸೆಗಳು ಸುಮಾರು 11 ಗ್ರಾಂ ತೂಗುತ್ತವೆ. ನೋಡಲು ಎಲ್ಲವೂ ಒಂದೇ ರೀತಿ. ಆದರೆ ತೂಕವನ್ನು ಎರಡು ದಶಮಾಂಶಗಳವರೆಗೆ ಹಿಡಿದರೆ ಎರಡು ಪೈಸೆಗಳು ಸರಿಸಮವಾಗುವುದು ವಿರಳ. ಲಕೋಟೆಯ ಮೇಲಿನ ತೂಕವನ್ನೂ ಚಿತ್ರವನ್ನೂ ಹೋಲಿಸಿ ನಾಣ್ಯವನ್ನು ಮರಳಿ ಅದರ ಚೀಟಿಗೆ ಸೇರಿಸಬಹುದು. ಅದರೊಡನೆ, ಅದು ಯಾವ ಊರಿನ ಯಾವ ಸಂತೆಯಲ್ಲಿ, ಯಾವ ಹೆಸರಿನಿಂದ ಕರೆಸಿಕೊಂಡು ಕೈಸೇರಿತೆಂಬ ವಿವರವೂ ಅದಕ್ಕೆ ಮರಳಿ ಬರುತ್ತದೆ.